ಹೀಟರ್ ಹಾಕು ಮಗಾ!

ಹುಣಸೂರಿನಲ್ಲಿ ಹಳೆ ಮಾರುತಿ 800 ಇಟ್ಟುಕೊಂಡವನಿಗೆ ಗೆಳೆಯರ ಕೊರತೆಯಿಲ್ಲ. ಪೆಟ್ರೋಲಿಗೆ ದುಡ್ಡು ಹಾಕುವ ಗೆಳೆಯರಿಗೆ ಮಾತ್ರ ಬರ. 796 ಸಿಸಿ ಎಂಜಿನ್ನು, ಮೂರು ಸಿಲಿಂಡರು, ಒಳಗೆ ಐದು ಜನ. 2014ರಲ್ಲೇ ತಯಾರಿಕೆ ನಿಂತುಹೋದ ಗಾಡಿಯಲ್ಲಿ ನಾವು ಹೊರಟಿದ್ದು ಗೋಕರ್ಣಕ್ಕೆ!

ಪಿರಿಯಾಪಟ್ಟಣ ದಾಟುವಷ್ಟರಲ್ಲಿ ಕಟ್ಟಿಸಿಕೊಂಡಿದ್ದ ಚಿತ್ರಾನ್ನ ಖಾಲಿ. ಬೈಲಕುಪ್ಪೆಯಲ್ಲಿ ಮೊಮೊ, ಕುಶಾಲನಗರದಲ್ಲಿ ಕಾಫಿ. ಮಡಿಕೇರಿಯಿಂದ ಸಂಪಾಜೆಗೆ ಬರೀ ಇಳಿಜಾರು; ಎರಡನೇ ಗೇರಿನಲ್ಲಿ ಗಾಡಿ ಇಳಿದದ್ದಕ್ಕೆ ಡ್ರೈವರನ್ನು ಹೊಗಳಿದ್ದೇ ಹೊಗಳಿದ್ದು.

ಅಸಲಿ ಪರೀಕ್ಷೆ ವಾಪಸ್ ಬರುವಾಗ. ಅದೇ ಘಾಟಿ ಹತ್ತುತ್ತಾ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿತು. ತಪ್ಪು ಗಾಡಿಯದಲ್ಲ, ನಮ್ಮ ಹೊಟ್ಟೆಗಳದ್ದು.

"ಹೀಟರ್ ಹಾಕು ಮಗಾ, ಎಂಜಿನ್ ಕಾವು ಒಳಗೆ ಬರ್ಲಿ," ಅಂದ ಹಿಂದೆ ಕೂತವನು.

ಮಾತು ಸರಿಯೇ. ಹೀಟರಿನ ಕೊಳವೆಯಲ್ಲಿ ಹರಿಯುವುದೂ ಎಂಜಿನ್ನಿನ ಬಿಸಿನೀರೇ. ಫ್ಯಾನು ಆ ಕಾವನ್ನು ನಮ್ಮ ಮುಖಕ್ಕೆ ಊದುತ್ತದೆ. ಮುಳ್ಳು ಇಳಿಯಿತು, ನಾವು ಬೆಂದೆವು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಹುಣಸೂರಿನವರಿಗೆ ಹೊಸದಲ್ಲ, ಅದರೊಳಗೆ ಕೂತು ಪ್ರಯಾಣ ಮಾಡಿದ್ದು ಹೊಸದು. ಕಿಟಕಿ ಇಳಿಸಿದರೆ ಮಳೆ, ಏರಿಸಿದರೆ ಬೆವರು.

ಮಡಿಕೇರಿ ಚಳಿಯಲ್ಲಿ ಡ್ರೈವರ್ ಹೀಟರ್ ಆರಿಸಲು ಹೋದ. ಹಿಂದಿನ ಸೀಟಿನಿಂದ ಒಕ್ಕೊರಲಿನ ಕೂಗು: "ಲೋ, ಕೈ ತೆಗಿ!"