ಹತ್ತರಗಿ ಸಂಪ್ರದಾಯದ ಬ್ಯಾಟ್ರಿ ಮೀಮಾಂಸೆ

ಕರೆಂಟು ಹೋದ ಮೇಲೆ ಬ್ಯಾಟ್ರಿಯ ವಿಚಾರ. ಇದು ಮೊದಲನೆಯ ಸೂತ್ರ.

ಭಾಷ್ಯ: 'ಹೋದ ಮೇಲೆ' ಎಂದದ್ದೇಕೆ? ಇರುವಾಗ ಯಾರೂ ವಿಚಾರ ಮಾಡುವುದಿಲ್ಲ, ಅದಕ್ಕೆ. 'ಕರೆಂಟು' ಎಂದದ್ದೇಕೆ? ಬಂದದ್ದು ಮಾತ್ರ ಹೋಗಬಲ್ಲದು. ಆದ್ದರಿಂದ ಈ ಶಾಸ್ತ್ರ ಕರೆಂಟು ಬಂದ ಊರಿಗೇ ಸಲ್ಲುತ್ತದೆ, ಕಂದೀಲಿನ ಕಾಲದವರಿಗಲ್ಲ. ಇದಕ್ಕೆ ಇತಿಹಾಸದ ಬೆಂಬಲವೂ ಇದೆ. ಘಟಪ್ರಭೆ 52 ಮೀಟರ್ ಕೆಳಗೆ ಧುಮುಕುವ ನಮ್ಮ ಗೋಕಾಕ ಫಾಲ್ಸ್‌ನಲ್ಲಿ ಗಿರಣಿಗಾಗಿ ಕರೆಂಟು ತೆಗೆದದ್ದು 1887ರಲ್ಲಿ. ಕೈಯಲ್ಲಿ ಹಿಡಿಯುವ ಬ್ಯಾಟ್ರಿಗೆ ನ್ಯೂಯಾರ್ಕಿನ ಡೇವಿಡ್ ಮಿಸೆಲ್ ಎಂಬಾತನ ಹೆಸರಿನಲ್ಲಿ ಪೇಟೆಂಟು ಸಿಕ್ಕಿದ್ದು 1899ರ ಜನವರಿ 10ರಂದು. ನಡುವೆ 12 ವರ್ಷ. ಗೋಕಾಕಕ್ಕೆ ಬಂದ ಕರೆಂಟು ಮೊದಲ ಸಲ ಹೋಗಲಿಕ್ಕೆ, ಹೋದ ಸುದ್ದಿ ಹಡಗು ಹತ್ತಿ ನ್ಯೂಯಾರ್ಕ್ ಮುಟ್ಟಲಿಕ್ಕೆ ಇಷ್ಟು ಕಾಲ ಹಿಡಿಯಿತೆಂಬುದು ಪ್ರಸ್ತುತ ಲೇಖಕನ ಮತ. ಆಧಾರ ಕೇಳಬಾರದು.

ಇನ್ನು ಹೆಸರಿನ ವಿಚಾರ. ಬೆಂಗಳೂರಿನವರು ಇದನ್ನು ಟಾರ್ಚು ಅನ್ನುತ್ತಾರೆ. ಅಮೆರಿಕದವರಿಗೆ ಇದು ಫ್ಲ್ಯಾಶ್‌ಲೈಟು. ಮೊದಮೊದಲಿನ ಸೆಲ್ಲು, ಬಲ್ಬು ಎರಡೂ ಬಡವಾಗಿದ್ದವು, ಒತ್ತಿ ಹಿಡಿದರೆ ಸೋತುಬಿಡುತ್ತಿದ್ದವು, ಮಿಂಚಿಸಿ ಬಿಡಬೇಕಿತ್ತು, ಆ ಮಿಂಚು ಹೆಸರಿನಲ್ಲಿ ಉಳಿಯಿತು. ಹತ್ತರಗಿಯಲ್ಲಿ ಇದು ಬ್ಯಾಟ್ರಿ, ಒಳಗಿರುವುದು ಸೆಲ್ಲು. ಒಳಗಿದ್ದದ್ದರ ಹೆಸರನ್ನು ಹೊರಗಿನದಕ್ಕೆ ಕೊಡುವುದಕ್ಕೆ ಅಲಂಕಾರಶಾಸ್ತ್ರದವರು ಲಕ್ಷಣೆ ಅನ್ನುತ್ತಾರೆ. ಗಂಗೆಯಲ್ಲಿ ಹಟ್ಟಿ ಇದೆ ಎಂದರೆ ದಂಡೆಯ ಮೇಲಿದೆ ಎಂದು ತಿಳಿಯಬೇಕಂತೆ. "ಬ್ಯಾಟ್ರಿ ತಾರೋ" ಅಂದಾಗ ಬರೇ ಎರಡು ಸೆಲ್ಲು ತಂದು ಕೈಯಲ್ಲಿಡುವ ಹುಡುಗನಿಗೆ ಕಾವ್ಯ ಓದುವ ಅಧಿಕಾರವಿಲ್ಲ.

ಊರಿನ ಹೆಸರಿನ ನಿಷ್ಪತ್ತಿಯನ್ನೂ ಇಲ್ಲೇ ಮುಗಿಸೋಣ. ನಮ್ಮ ಕಡೆ ದೀಪ ಉರಿಯುವುದಿಲ್ಲ, ಹತ್ತುತ್ತದೆ. "ಬ್ಯಾಟ್ರಿ ಹತ್ತವಲ್ದು" ಎಂಬುದು ಈ ಸೀಮೆಯಲ್ಲಿ ರಾತ್ರಿ ಹೊತ್ತು ಅತಿ ಹೆಚ್ಚು ಕೇಳಿಬರುವ ವಾಕ್ಯ. ಆದ್ದರಿಂದ ಹತ್ತರಗಿ ಎಂದರೆ ಬ್ಯಾಟ್ರಿ ಹತ್ತಬೇಕಾದ ಊರು. ಸ್ಥಳನಾಮ ಪಂಡಿತರು ಇದನ್ನು ಒಪ್ಪುವುದಿಲ್ಲ. ನಾನು ಅವರನ್ನು ಕೇಳಿಯೂ ಇಲ್ಲ.

ಶಾಸ್ತ್ರಕ್ಕೆ ಅಧಿಕಾರಿ ಯಾರು? ಕಬ್ಬು ಹಚ್ಚಿದವನು. ಸಂಕೇಶ್ವರದಿಂದ ಬೆಳಗಾವಿಗೆ ಹೋಗುವ ಹೆದ್ದಾರಿಯ ಮೇಲೆ ನಮ್ಮ ಟೋಲ್ ನಾಕಾ ಇದೆ. ರಾತ್ರಿ ಎರಡಕ್ಕೂ ಅಲ್ಲಿ ನಡುಮಧ್ಯಾಹ್ನ. ಕೆಳಗೆ ಬಿದ್ದ ಸೂಜಿ ಹುಡುಕಬಹುದು. ಅಲ್ಲಿಂದ ಒಂದು ಫರ್ಲಾಂಗು ಹೊಲದೊಳಗೆ ಹೋಗಿ ನೋಡಿ, ನಿಮ್ಮ ಕೈ ನಿಮಗೆ ಕಾಣುವುದಿಲ್ಲ. ಹುಕ್ಕೇರಿ ತಾಲೂಕಿಗೆ ಕರೆಂಟು ಹಂಚುವುದು 1969ರಲ್ಲಿ ಕಟ್ಟಿದ ಸಹಕಾರಿ ಸಂಘ. ರಾಜ್ಯದಲ್ಲಿ ಇಂಥದ್ದು ಇದೊಂದೇ. ಹೀಗಾಗಿ ಇಲ್ಲಿ ಕರೆಂಟಿನಲ್ಲೂ ನಮಗೆ ಶೇರು ಇದೆ. ಕತ್ತಲೆ ಮಾತ್ರ ಪೂರ್ತಿ ಸ್ವಂತದ್ದು. ಹೊಲದ ಮೋಟರಿಗೆ ಬೇಕಾದ ತ್ರೀ ಫೇಸು ಪಾಳಿಯ ಮೇಲೆ ಬರುತ್ತದೆ. ಪಾಳಿ ರಾತ್ರಿಯದಾದರೆ ನೀರೂ ರಾತ್ರಿಯದು, ಆಳೆತ್ತರದ ಕಬ್ಬಿನ ಪಡದಲ್ಲಿ ಸಲಿಕೆ ಹಿಡಿದು ನಿಂತವನೂ ರಾತ್ರಿಯವನು. ಅವನೇ ಅಧಿಕಾರಿ. ಉಳಿದವರು ಓದಿ ಸಂತೋಷಪಡಬಹುದು.

ಪೂರ್ವಪಕ್ಷ: ಮೊಬೈಲಿನಲ್ಲೇ ಬ್ಯಾಟ್ರಿ ಇದೆಯಲ್ಲ, ಬೇರೆಯದೇಕೆ? ಇದು ಬಾಲಕರ ವಾದ. ಸಲಿಕೆಗೆ ಎರಡು ಕೈ ಬೇಕು. ಮೊಬೈಲನ್ನು ಬಾಯಲ್ಲಿ ಕಚ್ಚಿದರೆ ಮಾತು ನಿಲ್ಲುತ್ತದೆ. ಕಿಸೆಯಲ್ಲಿಟ್ಟು ಬಗ್ಗಿದರೆ ಕಾಲುವೆಗೆ ಬೀಳುತ್ತದೆ. ಎಲ್ಲಕ್ಕಿಂತ ದೊಡ್ಡ ದೋಷ, ಫೋನು ಬಂದರೆ ಬೆಳಕು ಕಿವಿಗೆ ಹೋಗುತ್ತದೆ, ಕಾಲು ಕತ್ತಲೆಯಲ್ಲಿ ಉಳಿಯುತ್ತದೆ. ಹಾವು ಇರುವುದು ಕಾಲ ಕಡೆ.

ಎರಡನೆಯ ಪೂರ್ವಪಕ್ಷ ಚಾರ್ಜಿಂಗಿನವರದು. ಇವರಿಗೆ ಅನ್ಯೋನ್ಯಾಶ್ರಯ ದೋಷ. ಕರೆಂಟು ಹೋದಾಗ ಬ್ಯಾಟ್ರಿ ಬೇಕು, ಬ್ಯಾಟ್ರಿ ಚಾರ್ಜಾಗಲು ಕರೆಂಟು ಬೇಕು. ಮೊದಲೇ ಚಾರ್ಜಿಗೆ ಇಟ್ಟಿರಬೇಕು ಅನ್ನುವವರು ಮನುಷ್ಯ ಸ್ವಭಾವ ಬಲ್ಲವರಲ್ಲ. ಒಳಗಿನ ಬ್ಯಾಟರಿ ಕೆಟ್ಟರಂತೂ ಅದರ ಜೋಡಿ ಊರ ಅಂಗಡಿಯಲ್ಲಿ ಸಿಗುವುದಿಲ್ಲ, ಬೆಳಗಾವಿಯಲ್ಲಿ ಸಿಗುವುದಿಲ್ಲ, ಎಲ್ಲಿ ಸಿಗುತ್ತದೆಂದು ಡಬ್ಬಿಯ ಮೇಲೆ ಬರೆದಿಲ್ಲ. ಪ್ರಸ್ತುತ ಲೇಖಕ ಜಾತ್ರೆಯಲ್ಲಿ ಇಂಥದೊಂದನ್ನು ಕೊಂಡವನೇ. ಅದಕ್ಕೆ ಒಂದೇ ಗುಂಡಿ, ಐದು ಅವತಾರ. ಒತ್ತಿದರೆ ಪೂರ್ಣ ಬೆಳಕು, ಮತ್ತೆ ಒತ್ತಿದರೆ ಅರ್ಧ, ಮತ್ತೆ ಒತ್ತಿದರೆ ಮಂದ, ನಾಲ್ಕನೆಯದು ಮಿಣಮಿಣ, ಐದನೆಯದು ಮೂರು ಗಿಡ್ಡ, ಮೂರು ಉದ್ದ, ಮೂರು ಗಿಡ್ಡ. ಮುಳುಗುವ ಹಡಗಿನವರು ಸಹಾಯಕ್ಕೆ ಕೂಗುವ ಸಂಕೇತವಂತೆ ಅದು. ಹತ್ತರಗಿಯಿಂದ ಸಮುದ್ರ ಕಾಣಬೇಕಾದರೆ ಸಹ್ಯಾದ್ರಿ ದಾಟಬೇಕು. ಆರಿಸಬೇಕಾದರೂ ಐದನ್ನೂ ದಾಟಿಯೇ ಹೋಗಬೇಕು. ಇದಕ್ಕೆ ತರ್ಕದಲ್ಲಿ ಚಕ್ರಕ ದೋಷ ಎಂದು ಹೆಸರು.

ಮೂರನೆಯವರು ದೂರವಾದಿಗಳು. "ಒಂದ್ ಕಿಲೋಮೀಟರ್ ಬೆಳಕ ಹೊಡಿತೈತ್ರಿ" ಎಂದು ಅಂಗಡಿಯವನು ಹೇಳಿದರೆ ಕಣ್ಣರಳಿಸುತ್ತಾರೆ. ಒಂದು ಕಿಲೋಮೀಟರ್ ದೂರದ ಹಾವು ನನ್ನನ್ನು ಕಚ್ಚುವುದಿಲ್ಲ. ಕಬ್ಬಿನೊಳಗೆ ಬೇಕಾದದ್ದು ಮುಂದಿನ ನಾಲ್ಕು ಹೆಜ್ಜೆ, ಅಗಲವಾಗಿ.

ಸಿದ್ಧಾಂತಕ್ಕೆ ಬರುವ ಮೊದಲು ಪ್ರಮಾಣ ವಿಚಾರ. ಬ್ಯಾಟ್ರಿ ಕೊಳ್ಳುವುದು ಹಗಲು, ಬಳಸುವುದು ರಾತ್ರಿ. ಆದ್ದರಿಂದ ಅಂಗಡಿಯಲ್ಲಿ ಪ್ರತ್ಯಕ್ಷಪ್ರಮಾಣ ಕೈಕೊಡುತ್ತದೆ. ಗಿರಾಕಿ ಏನು ಮಾಡುತ್ತಾನೆ? ಗಾಜನ್ನು ಅಂಗೈಗೆ ಒತ್ತಿ ಹಚ್ಚುತ್ತಾನೆ. ಬೆರಳ ಸಂದು ಕೆಂಪಾಗಿ ಹೊಳೆದರೆ ತಲೆಯಾಡಿಸುತ್ತಾನೆ. ಈ ಕೆಂಪು ಬೆಳಕಿನದಲ್ಲ, ಗಿರಾಕಿಯ ರಕ್ತದ್ದು ಎಂದು ಅವನಿಗೆ ಯಾರೂ ಹೇಳುವುದಿಲ್ಲ. ಶಬ್ದಪ್ರಮಾಣ ಇದಕ್ಕಿಂತ ಮೇಲು: ಸೆಲ್ಲು ಹಾಕಿ ಕಿವಿಯ ಹತ್ತಿರ ಅಲ್ಲಾಡಿಸಬೇಕು. ಗಡಗಡ ಅಂದರೆ ಸ್ಪ್ರಿಂಗು ಸಡಿಲು, ಬದುವಿನ ಮೇಲೆ ಎಡವಿದ ಕೂಡಲೇ ಆರುತ್ತದೆ. ಮೊಣಕಾಲೆತ್ತರದಿಂದ ನೆಲಕ್ಕೆ ಬಿಟ್ಟು ನೋಡುವುದು ಮೂರನೆಯ ಪ್ರಮಾಣ. ಅಂಗಡಿಯವರು ಇದನ್ನು ಒಪ್ಪುವುದಿಲ್ಲ. ಅನುಪಲಬ್ಧಿ ಎಂಬ ಪ್ರಮಾಣ ಮಾತ್ರ ಮನೆಗೆ ಬಂದ ಮೇಲಿನದು. ಕರೆಂಟು ಹೋದ ಕ್ಷಣಕ್ಕೆ ಬ್ಯಾಟ್ರಿ ಇದ್ದಲ್ಲಿ ಇರುವುದಿಲ್ಲ. ಅದನ್ನು ಹುಡುಕಲು ಇನ್ನೊಂದು ಬ್ಯಾಟ್ರಿ ಬೇಕು, ಆ ಇನ್ನೊಂದನ್ನು ಹುಡುಕಲು ಮತ್ತೊಂದು. ಇದು ಅನವಸ್ಥೆ. ಇದಕ್ಕೆ ಕೊನೆ ಹಾಡಬಲ್ಲವಳು ಮನೆಯಾಕೆ ಒಬ್ಬಳೇ: "ದೇವರ ಜಗಲಿ ಮ್ಯಾಲೈತಿ ನೋಡ್ರಿ, ಕಣ್ಣ ಮುಂದ."

ಈಗ ಸಿದ್ಧಾಂತ. ಬ್ಯಾಟ್ರಿ ಆರಿಸಲು ಹೊರಟವನು ಮೊದಲು ಬ್ಯಾಟ್ರಿಯನ್ನು ನೋಡಬಾರದು. ತನ್ನ ಊರಿನ ಕಿರಾಣಿ ಅಂಗಡಿಯ ಗಾಜಿನ ಭರಣಿಯ ಪಕ್ಕ ಯಾವ ಸೆಲ್ಲು ಇದೆ ಎಂದು ನೋಡಬೇಕು. ರಾತ್ರಿ ಒಂಬತ್ತಕ್ಕೆ ಬಾಗಿಲು ಬಡಿದರೆ ಯಾವುದು ಸಿಗುತ್ತದೋ ಅದಕ್ಕೆ ತಕ್ಕ ಬ್ಯಾಟ್ರಿ ತರಬೇಕು. ದೊಡ್ಡ ಸೆಲ್ಲಾದರೆ ದಪ್ಪ 34, ಉದ್ದ 61 ಮಿಲಿಮೀಟರ್ ಆಸುಪಾಸು. 1898ರಲ್ಲಿ ಅಮೆರಿಕದಲ್ಲಿ ಹುಟ್ಟಿದಂದಿನಿಂದ ಈ ಗಾತ್ರ ಉಳಿದುಕೊಂಡಿದೆ. ಅಷ್ಟು ವರ್ಷ ಹೊಟ್ಟೆ ಸುತ್ತಳತೆ ಕಾಯ್ದುಕೊಂಡವರು ನಮ್ಮ ತಾಲೂಕಿನಲ್ಲಿ ಬೇರೆ ಯಾರೂ ಇಲ್ಲ. ಮೂರು ಸೆಲ್ಲಿನದು ಕೈಗೆ ಭಾರ, ಆದರೆ ಆ ಭಾರಕ್ಕೂ ಒಂದು ಮರ್ಯಾದೆ ಇದೆ. ನಾಯಿ ಬಂದಾಗ ತಿಳಿಯುತ್ತದೆ. ಮನೆಯೊಳಗಿನ ಕೆಲಸಕ್ಕಾದರೆ ಪೆನ್ ಸೆಲ್ಲಿನದೇ ಲೇಸು. ಕಾರಣ, ಗೋಡೆ ಗಡಿಯಾರ.

ಪೆನ್ ಸೆಲ್ಲಿಗೆ ನಾಲ್ಕು ಆಶ್ರಮಗಳು. ಅಂಗಡಿಯಲ್ಲಿ ಪ್ಲಾಸ್ಟಿಕ್ ಹೊದ್ದು ಕೂತಿರುವಾಗ ಬ್ರಹ್ಮಚಾರಿ. ಬ್ಯಾಟ್ರಿಯೊಳಗೆ ಬಂದರೆ ಗೃಹಸ್ಥ, ಇದ್ದ ಶಕ್ತಿಯೆಲ್ಲ ಸಂಸಾರಕ್ಕೆ. ಬ್ಯಾಟ್ರಿಗೆ ಸಾಲದಾದಾಗ ಗಡಿಯಾರಕ್ಕೆ ವಾನಪ್ರಸ್ಥ. ಗಡಿಯಾರಕ್ಕೆ ಬೇಕಾದ ಕರೆಂಟು ತೀರಾ ಅಲ್ಪ, ಸೋತ ಸೆಲ್ಲು ಅಲ್ಲಿ ಇನ್ನೂ ತಿಂಗಳುಗಟ್ಟಲೆ ಟಿಕ್ ಟಿಕ್ ಅನ್ನುತ್ತದೆ. ಕೊನೆಗೆ ಹುಡುಗರ ಕೈಯಲ್ಲಿ ಸಂನ್ಯಾಸ. ದೊಡ್ಡ ಸೆಲ್ಲಿನ ಸಂನ್ಯಾಸ ಇನ್ನೂ ಉದಾತ್ತವಾಗಿತ್ತು: ಒಡೆದರೆ ನಡುವೆ ಕಾರ್ಬನ್ ಕಡ್ಡಿ, ಸುತ್ತ ಕರಿ ಪುಡಿ, ಕಡ್ಡಿಯಿಂದ ಗೋಡೆಯ ಮೇಲೆ ಬರೆಯುತ್ತಿದ್ದೆವು, ಪುಡಿಯನ್ನು ಸೊಪ್ಪಿನ ರಸದಲ್ಲಿ ಕಲಸಿ ಸಾಲಿಯ ಕರಿಹಲಗೆಗೆ ಬಳಿಯುತ್ತಿದ್ದೆವು. ಆಪತ್ಕಾಲದಲ್ಲಿ ಈ ಧರ್ಮ ಹಿಂದುಮುಂದಾಗುತ್ತದೆ. ಗಡಿಯಾರಕ್ಕೆ ಆಗಷ್ಟೇ ಹೊಸ ಸೆಲ್ಲು ಹಾಕಿದ್ದರೆ ಅದನ್ನು ಕಿತ್ತು ಬ್ಯಾಟ್ರಿಗೆ ಹಾಕುತ್ತೇವೆ. ನಮ್ಮ ಮನೆಯಲ್ಲಿ ಕಳೆದ ಮಳೆಗಾಲದಿಂದ ಒಂಬತ್ತು ಹತ್ತಾಗಿದೆ.

ಬಲ್ಬೋ ಎಲ್‌ಇಡಿಯೋ ಎಂಬಲ್ಲಿ ನಾನು ಎಲ್‌ಇಡಿ ಕಡೆ, ಕೊಂಚ ಕರಾರಿನ ಮೇಲೆ. ನೀಲಿ ಎಲ್‌ಇಡಿ ಕಂಡುಹಿಡಿದ ಮೂವರಿಗೆ 2014ರಲ್ಲಿ ನೊಬೆಲ್ ಕೊಟ್ಟರು. ಆ ನೀಲಿಯ ಮೇಲೆ ಹಳದಿ ಲೇಪ ಕೊಟ್ಟೇ ನಮ್ಮ ಬಿಳಿ ಬೆಳಕು ಬಂದದ್ದು. ಸೆಲ್ಲಿನ ಖರ್ಚು ಬಹಳ ಕಡಿಮೆ. ಆದರೆ ಬಿಳಿ ಎಲ್‌ಇಡಿಗೆ ಸುಮಾರು 3 ವೋಲ್ಟ್ ಬೇಕು. ಹೊಸ ಸೆಲ್ಲು ಒಂದಕ್ಕೆ 1.5, ಎರಡಕ್ಕೆ 3, ಲೆಕ್ಕ ಸರಿಹೋಯಿತು, ಒಂದೊಂದು 1.2ಕ್ಕೆ ಇಳಿದರೆ ಎರಡೂ ಕೂಡಿ 2.4, ಎಲ್‌ಇಡಿ ಮುಖ ತಿರುಗಿಸುತ್ತದೆ. ಎರಡು ಸೆಲ್ಲಿನದರಲ್ಲಿ ವೋಲ್ಟು ಏರಿಸುವ ಸಣ್ಣ ಸರ್ಕಿಟ್ಟು ಇರಬೇಕಾಗುತ್ತದೆ, ಅದು ಕೆಟ್ಟರೆ ಬ್ಯಾಟ್ರಿಯೇ ಕೆಟ್ಟಂತೆ. ಮೂರು ಸೆಲ್ಲಿನದಕ್ಕೆ ಆ ಹಂಗಿಲ್ಲ. ಹಳೆಯ ಬಲ್ಬಿನದೊಂದು ಸದ್ಗುಣ ಹೇಳಲೇಬೇಕು: ಸೆಲ್ಲು ತೀರುತ್ತ ಬಂದರೆ ಅದು ಹಳದಿಯಾಗಿ, ಕೆಂಪಾಗಿ, ಬೀಡಿಯ ತುದಿಯಾಗಿ, ಮನೆ ಮುಟ್ಟುವವರೆಗೆ ಸೂಚನೆ ಕೊಡುತ್ತಲೇ ಇರುತ್ತದೆ. ಸರ್ಕಿಟ್ಟಿನದು ಒಮ್ಮೊಮ್ಮೆ ಹೇಳದೆ ಕೇಳದೆ ಹೋಗುತ್ತದೆ, ಪಟ್ಟಣದಿಂದ ಬಂದ ನೆಂಟರ ಹಾಗೆ.

ಇನ್ನು ಶುಶ್ರೂಷಾ ಪ್ರಕರಣ. ಸೆಲ್ಲಿನ ಸತುವಿನ ಕವಚವೇ ಅದರ ಮೈನಸ್. ಬೆಳಕು ಕೊಡುತ್ತ ಕೊಡುತ್ತ ಸೆಲ್ಲು ತನ್ನ ಗೋಡೆಯನ್ನೇ ತಿನ್ನುತ್ತದೆ. ತೂತು ಬಿದ್ದರೆ ರಸ ಸೋರಿ ಸ್ಪ್ರಿಂಗಿಗೆ ಕಿಲುಬು, ಸೆಲ್ಲು ಉಬ್ಬಿ ಕೊಳವೆಯಲ್ಲಿ ಕಚ್ಚಿಕೊಳ್ಳುತ್ತದೆ; ಆಮೇಲೆ ಹಾರೆ ಹಿಡಿದು ಹೆರಿಗೆ ಮಾಡಿಸಬೇಕು. ಬಳಸದಿದ್ದಾಗ ತೆಗೆದಿಡುವುದೇ ಮದ್ದು. ಎರಡು ಸೆಲ್ಲಿನದರಲ್ಲಿ ಒಂದನ್ನು ತಲೆಕೆಳಗು ಹಾಕಿಟ್ಟರೆ ಗುಂಡಿ ತಾನಾಗಿ ಒತ್ತಿಕೊಂಡರೂ ವ್ಯರ್ಥ ಉರಿಯುವುದಿಲ್ಲ. ಸೋತ ಸೆಲ್ಲಿಗೆ ಬಿಸಿಲು ತೋರಿಸುವ ಪದ್ಧತಿಯನ್ನು ಕಂಡು ಹೊಸಬರು ನಗುತ್ತಾರೆ. ಬಿಸಿಗೆ ಒಳಗಿನ ರಸಾಯನ ತುಸು ಚುರುಕಾಗುತ್ತದೆ, ಒಂದು ರಾತ್ರಿಯ ಮಟ್ಟಿಗೆ ಚೈತನ್ಯ ಬರುತ್ತದೆ. ಚಾರ್ಜು ಏನೂ ಆಗುವುದಿಲ್ಲ. ನಮ್ಮ ಕಡೆಯ ಮುದುಕರು ಕಟ್ಟೆಯ ಮೇಲೆ ಬಿಸಿಲಿಗೆ ಕೂಡ್ರುವುದೂ ಇದೇ ತತ್ತ್ವದ ಮೇಲೆ.

ಇಷ್ಟೆಲ್ಲ ಶಾಸ್ತ್ರಕ್ಕೆ ಮೂಲಪುರುಷ ನಮ್ಮ ಕಾಕಾ. ಅವರದು ಹಿತ್ತಾಳೆಯದು, ಮೂರು ಸೆಲ್ಲಿನದು, ಹಿಡಿದು ಹಿಡಿದು ಕೈಯಾಡಿದಲ್ಲಿ ಬಂಗಾರವಾಗಿದೆ. ಎವರೆಡಿಯವರು ಹಿತ್ತಾಳೆಯ ಬ್ಯಾಟ್ರಿಗೆ 'ಜೀವನ್ ಸಾಥಿ' ಎಂದು ಹೆಸರಿಟ್ಟಿದ್ದರಲ್ಲ, ಕಾಕಿ ಇಂದಿಗೂ ಅದನ್ನು ಸವತಿ ಅನ್ನುತ್ತಾಳೆ. ಹತ್ತದಿದ್ದರೆ ಕಾಕಾ ಬಯ್ಯುವುದಿಲ್ಲ, ಬಡಿಯುವುದಿಲ್ಲ. ಹಿಂದಿನ ಮುಚ್ಚಳ ತಿರುವಿ, ಅದರ ಅಂಚನ್ನು ಕಡ್ಡಿಪೆಟ್ಟಿಗೆಯ ಗೀರುವ ಮಗ್ಗುಲಿಗೆ ನಾಲ್ಕು ಸಲ ತಿಕ್ಕಿ, ಮತ್ತೆ ತಿರುವುತ್ತಾರೆ. ಅಷ್ಟೇ ರಿಪೇರಿ.

ಹೋದ ಶ್ರಾವಣದಲ್ಲಿ ನಮ್ಮಿಬ್ಬರ ಪಾಳಿಯೂ ರಾತ್ರಿ ಒಂದರ ಮೇಲೆ ಬಂತು. ಕಾಕಾ ಮುಂದೆ, ನಾನು ಹಿಂದೆ, ನನ್ನ ಕೈಯಲ್ಲಿ ಜಾತ್ರೆಯದು. ನೀರು ತಿರುವಬೇಕೆಂದು ಬಗ್ಗಿದಾಗ ಕಾಕಾನ ಬಲ್ಬು ಫಕ್ಕನೆ ಹೋಯಿತು.

"ತಮ್ಮಾ, ನಿಂದ ಇತ್ಲಾಗ ಹಿಡಿ."

ಹಿಡಿದೆ. ಗುಂಡಿ ಎಲ್ಲಿ ಒತ್ತಿಕೊಂಡಿತೋ, ಮಿಣಮಿಣ ಶುರುವಾಯಿತು. ಸರಿಪಡಿಸಲೆಂದು ಒತ್ತಿದೆ. ಮೂರು ಗಿಡ್ಡ, ಮೂರು ಉದ್ದ, ಮೂರು ಗಿಡ್ಡ.

"ಅದ್ಯಾಕ ಹಂಗ ಕಣ್ಣ ಹೊಡ್ಯಾಕತ್ತೈತಿ?"

"ಹಡಗ ಮುಳುಗಾಕತ್ರ ಹಿಂಗ ಮಾಡ್ತಾರಂತ್ರಿ ಕಾಕಾ."

ಕಾಕಾ ಏನೂ ಅನ್ನಲಿಲ್ಲ. ಹಿಂದಿನ ಮುಚ್ಚಳ ಬಿಚ್ಚಿದರು. ಅದರೊಳಗೆ ಸ್ಪ್ರಿಂಗಿನ ನಡುವೆ ಚೂರು ಕಾಗದದಲ್ಲಿ ಸುತ್ತಿದ ಇನ್ನೊಂದು ಬಲ್ಬಿತ್ತು, ಕಡಲೆಕಾಳಿನಷ್ಟು. ಕಂಡಷ್ಟು ಹೊತ್ತು ತಿರುವುತ್ತ, ಕಾಣದಷ್ಟು ಹೊತ್ತು ಕಾಯುತ್ತ, ನನ್ನ ಗಿಡ್ಡ-ಉದ್ದಗಳಿಗೆ ತಾಳ ಹೊಂದಿಸಿಕೊಂಡು ಅದನ್ನು ಕೂಡಿಸಿದರು. ಮುಚ್ಚಳ ಬಿಗಿದು ಗುಂಡಿ ಮುಂದೆ ನೂಕಿದರು. ನೀರಿನ ಮೇಲೆ ಹಳದಿ ಬೆಳಕು ಬಿತ್ತು.

"ಹತ್ತಿತಿಲ್ಲೋ," ಅಂದರು. "ಇನ್ನ ನಿನ್ನ ಹಡಗ ಮುಳುಗಸು."