ಉಡುವವನೇ ಬೀರುವಿನೊಡೆಯ

ಬೆಂಗಳೂರಿನ ಮನೆ ಮಾಲೀಕರು ಬಾಡಿಗೆಗೆ ಬಂದವರನ್ನು ಕೇಳದ ಪ್ರಶ್ನೆ ಇಲ್ಲ. ಯಾವ ಊರು, ಯಾವ ಕಂಪನಿ, ನೆಂಟರು ಬಂದರೆ ಎಷ್ಟು ದಿನ ಉಳಿಯುತ್ತಾರೆ, ರಾತ್ರಿ ಎಷ್ಟು ಹೊತ್ತಿಗೆ ಗೇಟು ತೆಗೆಯಬೇಕು, ವೆಜ್ಜೋ ನಾನ್‌ವೆಜ್ಜೋ. ಸುತ್ತಿ ಬಳಸಿ ಜಾತಿಯನ್ನೂ ಮುಟ್ಟಿಕೊಂಡು ಬರುತ್ತಾರೆ. ಬಟ್ಟೆ ಉಡುತ್ತೀರಾ ಎಂದು ಮಾತ್ರ ಕೇಳುವುದಿಲ್ಲ. ಉಡುವುದಿಲ್ಲ ಎಂದೇ ಅವರ ನಂಬಿಕೆ ಇರಬೇಕು. ಇಲ್ಲದಿದ್ದರೆ 20×30 ಸೈಟಿನಲ್ಲಿ ಮೂರು ಅಂತಸ್ತು ಎಬ್ಬಿಸಿ, ಮಹಡಿಗೆ ಎರಡು ಮನೆ ಹಾಕಿ, ದೇವರಿಗೊಂದು ಗೂಡು, ಚಪ್ಪಲಿಗೊಂದು ಗೂಡು, ಗ್ಯಾಸ್ ಸಿಲಿಂಡರಿಗೊಂದು ಗೂಡು ಕೊಟ್ಟ ಪುಣ್ಯಾತ್ಮರು ಇಬ್ಬರು ಮಲಗುವ ಕೋಣೆಯಲ್ಲಿ ನಾಲ್ಕು ಬೋಳು ಗೋಡೆ ಬಿಟ್ಟು ಕೈತೊಳೆದುಕೊಳ್ಳುತ್ತಿರಲಿಲ್ಲ.

ಆ ಬೋಳು ಗೋಡೆಗೂ ಒಂದು ಸಂವಿಧಾನವಿದೆ. ಅದರಲ್ಲಿರುವುದು ಒಂದೇ ವಿಧಿ. "ನೋಡಿ ಸಾರ್, ಬಾಕಿ ಏನ್ ಬೇಕಾದ್ರೂ ಮಾಡ್ಕೊಳ್ಳಿ, ಮೊಳೆ ಮಾತ್ರ ಹೊಡೀಬೇಡಿ. ಹೊಸಾ ಪೇಂಟು." ಆ ಪೇಂಟಿನ ಹೆಸರಲ್ಲಿ ಮನೆ ಬಿಡುವಾಗ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಈ ಊರಿನ ವಾಡಿಕೆ. ಮೊಳೆ ಹೊಡೆದವನಿಗೂ ಅಷ್ಟೇ, ಹೊಡೆಯದವನಿಗೂ ಅಷ್ಟೇ. ಹಾಗಾದರೆ ಹೊಡೆದೇ ಬಿಡಬಹುದಲ್ಲ ಎನ್ನಬೇಡಿ. ಕೆಳಗಿನ ಮನೆಯಲ್ಲೇ ಇರುವ ಮಾಲೀಕರಿಗೆ ಮಹಡಿಯ ಸುತ್ತಿಗೆಯ ಸದ್ದು ಮಗುವಿನ ಅಳುವಿಗಿಂತ ಬೇಗ ಕೇಳಿಸುತ್ತದೆ.

ಕೆಲವು ಹಳೇ ಮನೆಗಳಲ್ಲಿ ಗೋಡೆಯೊಳಗೆ ಕಡಪ ಕಲ್ಲಿನ ಮೂರು ಹಲಗೆ ಕೂರಿಸಿರುತ್ತಾರೆ. ಅದನ್ನು ತೋರಿಸಿ "ವಾರ್ಡ್‌ರೋಬ್ ಇದ್ಯಲ್ಲಾ" ಎನ್ನುತ್ತಾರೆ. ಬಾಗಿಲಿಲ್ಲ. ಬಾಗಿಲು ಬೇಕಾದರೆ "ನೀವೇ ಮಾಡಿಸ್ಕೊಳ್ಳಿ, ಹೋಗ್ವಾಗ ಮಾತ್ರ ಬಿಚ್ಬೇಡಿ." ಹಾಗೆ ಯಾರೋ ಒಬ್ಬ ಮಾಡಿಸಿ ಬಿಟ್ಟುಹೋದ ಪ್ಲೈವುಡ್ ಬಾಗಿಲಿನ ಬಲದ ಮೇಲೆ ಮುಂದಿನವನಿಗೆ ಅದೇ ಮನೆ ಸೆಮಿ ಫರ್ನಿಶ್ಡ್ ಆಗುತ್ತದೆ, ಬಾಡಿಗೆ ಏರುತ್ತದೆ.

ಕಾನೂನಾದರೂ ಕೈ ಹಿಡಿಯುತ್ತದೆಯೇ ಎಂದರೆ, ಅದಕ್ಕೂ ನಮ್ಮ ಉಡುಪಿನ ಬಗ್ಗೆ ಮಾಲೀಕರದೇ ಅಭಿಪ್ರಾಯ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ, ವಾಸದ ಕೋಣೆ ಒಂದೇ ಇದ್ದರೆ ಅದು ಕನಿಷ್ಠ 9.5 ಚದರ ಮೀಟರ್ ಇರಬೇಕು, ಅಗಲ 2.4 ಮೀಟರಿಗಿಂತ ಕೆಳಗಿಳಿಯಬಾರದು ಎನ್ನುತ್ತದೆ. ಅಟ್ಟ ಕಟ್ಟಿದರೆ ಅದರಡಿ 2.2 ಮೀಟರ್ ಎತ್ತರ ಬಿಡಬೇಕು. ನಮ್ಮ ತಲೆಗೆ ಪೆಟ್ಟಾಗಬಾರದೆಂಬ ಕಾಳಜಿ ಸರ್ಕಾರಕ್ಕಿದೆ, ಸಂತೋಷ. ಈ ಕನಿಷ್ಠಗಳ ಲೆಕ್ಕದಲ್ಲಿ ಬೀರು ಮಾತ್ರ ಎಲ್ಲೂ ಬರುವುದಿಲ್ಲ.

9.5 ಚದರ ಮೀಟರ್ ಎಂದರೆ ನಮ್ಮ ಮೇಸ್ತ್ರಿಗಳ ಬಾಯಲ್ಲಿ ಹತ್ತಕ್ಕೆ ಹತ್ತರ ರೂಮು. ಇಬ್ಬರು ಮಲಗುವ ಮಂಚ ಐದಡಿ ಅಗಲ, ಆರೂವರೆ ಅಡಿ ಉದ್ದ. ತಲೆಯ ಕಡೆ ಗೋಡೆಗೆ ಒತ್ತಿ ಹಾಕಿದರೆ ಕಾಲಿನ ಕಡೆ ಉಳಿಯುವುದು ಮೂರೂವರೆ ಅಡಿ. ಅಲ್ಲಿ ಒಂದೂವರೆ ಅಡಿ ಆಳದ ಸ್ಟೀಲ್ ಬೀರು ನಿಲ್ಲಿಸಿ. ಎರಡಡಿ ಉಳಿಯಿತು. ಬೀರುವಿನ ಬಾಗಿಲು ತೆರೆದರೆ ಇನ್ನೊಂದೂವರೆ ಅಡಿ ಮುಂದಕ್ಕೆ ಬರುತ್ತದೆ. ಪ್ಯಾಂಟು ತೆಗೆಯಲು ಬಂದ ಮನುಷ್ಯನ ಪಾಲಿಗೆ ದಕ್ಕಿದ್ದು ಅರ್ಧ ಅಡಿ. ಆದ್ದರಿಂದ ಬೆಂಗಳೂರಿನಲ್ಲಿ ಬಾಡಿಗೆಗಿರುವ ದಂಪತಿಗಳು ಮಂಚದ ಮೇಲೆ ಮಂಡಿಯೂರಿ ಬೀರು ತೆರೆಯುತ್ತಾರೆ; ನೋಡಿದವರಿಗೆ ಲಕ್ಷ್ಮೀಪೂಜೆ ನಡೆದಂತೆ ಕಾಣುತ್ತದೆ.

ಇಷ್ಟರ ಮೇಲೆ ವಾಸ್ತು. ನೈರುತ್ಯ ಭಾರವಾಗಿರಬೇಕು, ಬೀರು ಅಲ್ಲೇ ಇರಬೇಕು, ಬಾಗಿಲು ಕುಬೇರನ ಉತ್ತರಕ್ಕೆ ತೆರೆಯಬೇಕು. ಮನೆಯ ಯಜಮಾನನ ಮಂಚವೂ ನೈರುತ್ಯದಲ್ಲೇ ಇರಬೇಕು. ಒಂದು ಕೋಣೆಗೆ ಒಂದೇ ನೈರುತ್ಯ ಎಂಬುದು ಶಾಸ್ತ್ರ ಬರೆದವರ ಗಮನಕ್ಕೆ ಬಂದಂತಿಲ್ಲ. ಬಹುಶಃ ಅವರದು ಸ್ವಂತ ಮನೆ.

ಇಷ್ಟೆಲ್ಲ ಹೋರಾಡಿ ಬೀರು ನಿಂತಿತು ಎನ್ನಿ. ಸಾಮಾನ್ಯವಾಗಿ ಅದು ಹುಡುಗಿಯ ತವರಿಂದ ಬಂದದ್ದು. 1923ರಲ್ಲಿ ಗೋದ್ರೇಜ್‌ನವರು ಉಕ್ಕಿನ ಬೀರು ಮಾಡಲು ಶುರುಮಾಡಿದರು; 1961ರಲ್ಲಿ ವರದಕ್ಷಿಣೆ ನಿಷೇಧ ಕಾಯ್ದೆ ಬಂತು; ಬೀರು ಮಾತ್ರ ಎರಡಕ್ಕೂ ಮರ್ಯಾದೆ ಕೊಟ್ಟು 'ಉಡುಗೊರೆ'ಯಾಗಿ ಮದುವೆ ಛತ್ರದಿಂದ ಸೀದಾ ಟೆಂಪೋ ಹತ್ತುತ್ತದೆ. ತಂದವಳಿಗೆ ಎರಡು ಹಲಗೆ. ಲಾಕರಿನಲ್ಲಿ ಗಂಡನ ಮಾರ್ಕ್ಸ್ ಕಾರ್ಡು, ಮಾವನವರ ಎಲ್ಲೈಸಿ ಬಾಂಡು.

ನಿಜವಾದ ಅನ್ಯಾಯ ಶುರುವಾಗುವುದು ಇನ್ನು ಮೇಲೆ. 1974ರ ಮಾರ್ಚ್ 1ರಂದು ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಉಳುವವನೇ ಹೊಲದೊಡೆಯನೆಂದರು. ಗೇಣಿದಾರ 7ನೇ ನಮೂನೆಯಲ್ಲಿ ಅರ್ಜಿ ಹಾಕಿದ, ಭೂ ನ್ಯಾಯಮಂಡಳಿ ಕೂತಿತು, ಊರಲ್ಲೇ ಇಲ್ಲದ ಜಮೀನ್ದಾರನ ಹೊಲ ಬೆವರು ಸುರಿಸಿದವನ ಹೆಸರಿಗೆ ಬಂತು. ಅರ್ಧ ಶತಮಾನ ಕಳೆದರೂ ಆ ಕ್ರಾಂತಿ ನಮ್ಮ ಬೀರುಗಳೊಳಗೆ ಕಾಲಿಟ್ಟಿಲ್ಲ. ತೆರೆದು ನೋಡಿ. ಮೇಲಿನ ಹಲಗೆ ಪೂರ್ತಿ, ವರ್ಷಕ್ಕೊಮ್ಮೆ ವರಮಹಾಲಕ್ಷ್ಮಿಗೆ ದರ್ಶನ ಕೊಡುವ ರೇಷ್ಮೆ ಸೀರೆಗಳ ಜಹಗೀರು. ಅವಕ್ಕೆ ಹಳೇ ಪಂಚೆಯ ಹೊದಿಕೆ ಬೇಕು, ಆಗಾಗ ಮಡಿಕೆ ಬದಲಿಸಬೇಕು, ಜರಿಗೆ ನುಸಿಗುಳಿಗೆ ತಾಗಬಾರದು. ಪಕ್ಕದಲ್ಲಿ ಮದುವೆಯಲ್ಲಿ ಹೊಲಿಸಿದ ಸೂಟು. ಅದರ ಗುಂಡಿಗೂ ಯಜಮಾನರ ಹೊಟ್ಟೆಗೂ ಮಾತು ಬಿಟ್ಟು ವರ್ಷಗಳಾದವು. ಅದರ ಕೆಳಗೆ ಮುಯ್ಯಿಗೆ ಬಂದ ಪ್ಯಾಂಟ್ ಪೀಸು, ಶರ್ಟ್ ಪೀಸು. ಅರಿಶಿನ ಕುಂಕುಮಕ್ಕೆ ಬಂದ ರವಿಕೆ ಕಣಗಳು, ಇನ್ನೊಬ್ಬರ ಮಡಿಲು ಸೇರುವ ತನಕ ಇಲ್ಲೇ ಬಿಡಾರ. ಕಂಪನಿಯವರು ಕೊಟ್ಟ, ಎದೆಯ ಮೇಲೆ ಸ್ಫೂರ್ತಿಯ ಮಾತು ಬರೆದ ಟೀ ಶರ್ಟುಗಳದ್ದೇ ಒಂದು ಕಂದಾಯ ಗ್ರಾಮ. ಇವರೆಲ್ಲ ಗೈರುಹಾಜರಿ ಜಮೀನ್ದಾರರು.

ಇನ್ನು ದುಡಿಯುವ ವರ್ಗ ಎಲ್ಲಿದೆ? ದಿನಾ ಉಡುವ ಎರಡು ಚೂಡಿದಾರ, ಬಣ್ಣ ಮಾಸಿದ ನೈಟಿ, ಲುಂಗಿ, ತೂತು ಬನಿಯನ್ನು, ಆಫೀಸಿನ ಪ್ಯಾಂಟು? ಕುರ್ಚಿಯ ಮೇಲೆ. ಬಾಗಿಲ ಹಿಂದಿನ ಒಂದೇ ಕೊಕ್ಕೆಯಲ್ಲಿ, ಏಳು ಜನ ಒಬ್ಬರ ಕುತ್ತಿಗೆಗೆ ಒಬ್ಬರು ಜೋತುಬಿದ್ದು. ಒಗೆದದ್ದೂ ಅಲ್ಲ, ಕೊಳೆಯೂ ಅಲ್ಲ ಎಂಬ ಕಾರಣಕ್ಕೆ ಬೀರುವೂ ಸೇರಿಸದ, ವಾಷಿಂಗ್ ಮೆಷಿನ್ನೂ ಸೇರಿಸದ ನಿರ್ಗತಿಕರು. ಮನೆಗೆ ಯಾರಾದರೂ ಬಂದರೆ ಇಡೀ ಗುಂಪನ್ನು ಎತ್ತಿ ಮಂಚಕ್ಕೆ, ರಾತ್ರಿಯಾದರೆ ಮಂಚದಿಂದ ಮತ್ತೆ ಕುರ್ಚಿಗೆ ಒಕ್ಕಲೆಬ್ಬಿಸುತ್ತೇವೆ. ಆ ಕುರ್ಚಿಯ ಮೇಲೆ ಮನುಷ್ಯರು ಕೂತದ್ದನ್ನು ಯಾರೂ ಕಂಡಿಲ್ಲ.

ಸುಧಾರಣೆಯ ಮಾತೆತ್ತಿದರೆ ಕೋಣೆಯ ಇಬ್ಬರು ಪಾಲುದಾರರೂ ಒಂದಾಗುತ್ತಾರೆ, ಬೇರೆ ಯಾವ ವಿಷಯಕ್ಕೂ ಆಗದಷ್ಟು. "ರೀ, ಆ ಸೂಟು ಯಾರಿಗಾದ್ರೂ ಕೊಡಬಾರ್ದಾ?" "ಕೊಡೋಣ. ಮೊದ್ಲು ನಿನ್ನ ಸೀರೆ ಎಷ್ಟಿದೆ ಎಣಿಸು." ಅಲ್ಲಿಗೆ ಭೂಮಿತಿ ಮಸೂದೆ ಬಿತ್ತು. 2020ರಲ್ಲಿ ಸರ್ಕಾರವೇ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಮುಗಳನ್ನು ಕಿತ್ತುಹಾಕಿ, ಬೇಸಾಯಗಾರರಲ್ಲದವರೂ ಹೊಲ ಕೊಳ್ಳಲು ದಾರಿ ಬಿಟ್ಟಿತು. ಬೀರುವಿನಲ್ಲೂ ಅದೇ ಆಗಿದೆ: ಬಟ್ಟೆಯ ಕುಲಕ್ಕೇ ಸೇರದ ಮಿಕ್ಸಿಯ ಖಾಲಿ ಡಬ್ಬ, ಟಿವಿಯ ಥರ್ಮಾಕೋಲು, "ಯಾವತ್ತಾದ್ರೂ ಬೇಕಾಗತ್ತೆ" ಎಂಬ ಹಕ್ಕುಪತ್ರ ಹಿಡಿದು ಕೆಳಹಲಗೆ ಖರೀದಿಸಿವೆ.

ಮಾರುಕಟ್ಟೆಯಲ್ಲಿ ಮದ್ದಿಗೆ ಬರವಿಲ್ಲ. ಬಟ್ಟೆಯಿಡಲು ಬಟ್ಟೆಯದ್ದೇ ಬೀರು ಬಂದಿದೆ: ಪ್ಲಾಸ್ಟಿಕ್ ಕೊಳವೆ, ಮೇಲೊಂದು ಜಿಪ್ಪಿನ ಹೊದಿಕೆ. ಮೂರು ಜೀನ್ಸ್ ಪ್ಯಾಂಟಿನ ತನಕ ಅದರ ನಿಷ್ಠೆ ಅಚಲ. ನಾಲ್ಕನೆಯದಕ್ಕೆ ಅಡ್ಡ ವಾಲುತ್ತದೆ. ಹೈಡ್ರಾಲಿಕ್ ಮಂಚವಿದೆ. ಅದರ ಹೊಟ್ಟೆಯಲ್ಲಿ ಇಡೀ ಸಂಸಾರ ಹಿಡಿಸುತ್ತದೆ, ನಿಜ. ಬೆಳಿಗ್ಗೆ ಆರಕ್ಕೆ ಒಂದು ಬನಿಯನ್ನು ಬೇಕಾದರೆ ಮೇಲೆ ಮಲಗಿರುವ ಜೀವನಸಂಗಾತಿಯನ್ನು ಹಾಸಿಗೆ ಸಮೇತ ಎತ್ತಬೇಕು, ಅಷ್ಟೇ. ಇನ್ನು ಜಪಾನಿನ ಮರಿ ಕೊಂಡೊ, ಕೈಯಲ್ಲಿ ಹಿಡಿದಾಗ ಖುಷಿ ಕೊಡದ ವಸ್ತುವನ್ನು ಬಿಟ್ಟುಬಿಡಿ ಎಂದು ಜಗತ್ತಿಗೆಲ್ಲ ಬೋಧಿಸಿದವರು. ಮೂರನೇ ಮಗುವಾದ ಮೇಲೆ, ಮನೆ ಅಚ್ಚುಕಟ್ಟಾಗಿಡುವುದನ್ನು ಒಂದಿಷ್ಟು ಕೈಬಿಟ್ಟಿದ್ದೇನೆ ಎಂದು 2023ರಲ್ಲಿ ಅವರೇ ಹೇಳಿದ ಸುದ್ದಿ ಬಂತು. ನಮ್ಮ ಹೆಂಗಸರು ಅದನ್ನು ಓದಿ ಮೊದಲ ಬಾರಿಗೆ ಆಕೆಯನ್ನು ನಂಬಿದರು.

ಹಳ್ಳಿಮನೆಯಲ್ಲಿ ಹೀಗಿರಲಿಲ್ಲ, ಒಂದು ಬಿದಿರ ಗಳ, ನಾಲ್ಕು ಗಿಳಿಗೂಟ, ಒಂದು ಟ್ರಂಕಿನಲ್ಲಿ ಹತ್ತು ಜನರ ಬಟ್ಟೆ ಹಿಡಿಸುತ್ತಿತ್ತು ಎಂದು ಹಿರಿಯರು ನಿಟ್ಟುಸಿರಿಡುತ್ತಾರೆ. ಹಿಡಿಸುತ್ತಿತ್ತು, ಏಕೆಂದರೆ ಹತ್ತು ಜನಕ್ಕೂ ಇದ್ದದ್ದು ಉಟ್ಟದ್ದೊಂದು, ಒಣಹಾಕಿದ್ದೊಂದು. ಬಡತನವನ್ನು ಒಳಾಂಗಣ ವಿನ್ಯಾಸ ಎಂದು ಕರೆಯುವುದು ಬೇಡ.

ಲೆಕ್ಕಕ್ಕೇ ಬರೋಣ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೂಡದು ಎನ್ನುತ್ತದೆ. ಮಾದರಿಯೆಂದರೆ ರಾಜ್ಯಗಳು ಬೇಕಾದರೆ ಒಪ್ಪಬಹುದಾದದ್ದು, ಅಂದರೆ ಮಾಲೀಕರು ಓದಬೇಕಾಗಿಲ್ಲದ್ದು. ಬೆಂಗಳೂರಿನ ಹಳೇ ಪದ್ಧತಿ ಹತ್ತು ತಿಂಗಳು. 20,000 ಬಾಡಿಗೆಗೆ 2 ಲಕ್ಷ ಅಡ್ವಾನ್ಸು, ಶೇ 6ರಂತೆ ಬಡ್ಡಿ ಹಿಡಿದರೂ ವರ್ಷಕ್ಕೆ 12,000. ಒಂದೆರಡು ವರ್ಷದ ಬಡ್ಡಿಯಲ್ಲಿ ಒಂದು ಗಟ್ಟಿ ಬೀರು ಬರುತ್ತದೆ, ಅದೂ ಮಾಲೀಕರ ಆಸ್ತಿಯಾಗಿಯೇ ಉಳಿಯುತ್ತದೆ. ಬಾಡಿಗೆದಾರನ ದುಡ್ಡಿನಲ್ಲಿ ಅವನಿಗೇ ಒಂದು ಬೀರು ಕೊಡಿಸುವುದು ದಾನವಲ್ಲ.

ಆದ್ದರಿಂದ ಮನೆ ನೋಡಲು ಹೋಗುವ ಜೋಡಿಗಳೇ, ಕಾವೇರಿ ನೀರು ಬರುತ್ತದೆಯೇ, ಗಾಡಿ ನಿಲ್ಲಿಸಲು ಜಾಗವಿದೆಯೇ ಎಂದು ಕೇಳಿದ ಬಾಯಲ್ಲೇ ಬೀರು ಎಲ್ಲಿ ಎಂದೂ ಕೇಳಿ. ಅಳತೆಯ ಟೇಪು ಒಯ್ಯಿರಿ. ಮಾಲೀಕರು "ಹಿಂದಿನವರು ಐದು ಜನ ಇದ್ರು, ಏನೂ ಕೇಳ್ಲಿಲ್ಲ" ಎಂದರೆ, ಕೆಳಗಿನ ಅವರ ಸ್ವಂತ ಮನೆಯಲ್ಲಿ ಎಷ್ಟು ಬೀರುಗಳಿವೆ ಎಂದು ವಿಚಾರಿಸಿ, ಆಮೇಲೆ ಅಡ್ವಾನ್ಸಿನ ಮಾತಾಡಿ.