ಕೊಬ್ಬರಿ ಆಗೈತೆ

ನಮ್ಮ ಸೀಮೆಯಲ್ಲಿ ಏನೇ ಕೈಗೆ ಬಂದರೂ ಮೊದಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು ರೂಢಿ. ಅಟ್ಟದ ಮೇಲೆ ಹಾಕಿದ ಕಾಯಿಯೊಳಗಿನ ನೀರು ತಿಂಗಳುಗಟ್ಟಲೆ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಲೊಡಲೊಡ ಅಂದರೆ ಸಾಕು, ತಿಪಟೂರಿನ ಮಾರುಕಟ್ಟೆಯ ದಾರಿ ಹಿಡಿಯಬಹುದು. ಹಾಗಾಗಿ ದೆಹಲಿಯಿಂದ ಲಾರಿ ಪಾರ್ಸೆಲ್ಲಿನಲ್ಲಿ ಬಂದ ಪೆಟ್ಟಿಗೆಯನ್ನು ದೊಡ್ಡಪ್ಪ ಅಲ್ಲಾಡಿಸಿ, ಒಳಗಿನ ಸದ್ದು ಕೇಳಿ, "ಕೊಬ್ಬರಿ ಆಗೈತೆ ಕಣ್ಲಾ" ಎಂದು ಹಿಗ್ಗಿದರು. ನನ್ನ ಎದೆ ಧಸಕ್ಕೆಂದಿತು.

ಒಳಗಿದ್ದದ್ದು ಬಿಬಿಸಿ ಮೈಕ್ರೋ. 1981ರಲ್ಲಿ ಇಂಗ್ಲೆಂಡಿನ ಏಕಾರ್ನ್ ಕಂಪನಿ ತಯಾರಿಸಿದ ಕಂಪ್ಯೂಟರು. 1984ರಲ್ಲಿ ಶುರುವಾದ 'ಕ್ಲಾಸ್' ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೂ ಬಂತು. ಮೇಷ್ಟ್ರು ಬೀಗ ಹಾಕಿಟ್ಟು, ಇನ್‌ಸ್ಪೆಕ್ಟರು ಬಂದಾಗ ಮಾತ್ರ ಬಟ್ಟೆ ಸರಿಸುತ್ತಿದ್ದ ಯಂತ್ರಗಳ ಪೈಕಿ ಇದೂ ಒಂದಿರಬೇಕು. ಗುಂಡಿಗಳು ಸವೆದೇ ಇರಲಿಲ್ಲ.

ಮುಚ್ಚಳ ತೆಗೆದರೆ ಲೊಡಗುಟ್ಟಿದ್ದು ಕೀಬೋರ್ಡಿನ ಒಂದು ಬೋಲ್ಟು. ಅದು ಹೋಗಲಿ. ಹಳ್ಳದಿಣ್ಣೆಯ ಹೊಡೆತಕ್ಕೆ ಚಿಪ್ಪುಗಳು (ಇವು ತೆಂಗಿನವಲ್ಲ) ಸಾಕೆಟ್ಟಿನಿಂದ ಅರ್ಧರ್ಧ ಎದ್ದು ಕೂತಿದ್ದವು. ಕರೆಂಟು ಕೊಡುವ ಮುಂಚೆ ಪವರ್ ಸಪ್ಲೈ ಬಿಚ್ಚಿದೆ. ಅಲ್ಲಿರುವ ಕಾಗದದ ಕೆಪ್ಯಾಸಿಟರುಗಳು ವಯಸ್ಸಾದಂತೆ ಮೈಯೆಲ್ಲ ಬಿರುಕು ಬಿಟ್ಟು, ಗಾಳಿಯ ತೇವ ಕುಡಿದು, ಕರೆಂಟು ತಾಗಿದರೆ ಮನೆ ತುಂಬ ಹೊಗೆ ಕಾರುತ್ತವೆ. ಹಳೇ ರೇಡಿಯೋ ರಿಪೇರಿಯವರ ಹತ್ತಿರ ಹೊಸವನ್ನು ಬೆಸುಗೆ ಹಾಕಿಸಿದೆ. "ಇದರಲ್ಲಿ ಯಾವ ಸ್ಟೇಷನ್ ಬರುತ್ತೆ?" ಎಂದು ಕೇಳಿದರು ಅವರು. ದುಡ್ಡು ಮಾತ್ರ ಕಂಪ್ಯೂಟರಿನ ಲೆಕ್ಕದಲ್ಲೇ ತೆಗೆದುಕೊಂಡರು.

ಸ್ವಿಚ್ಚು ಹಾಕಿದರೆ 'ಬೂ' ಎಂಬ ಒಂದೇ ರಾಗ, ಶಂಖ ಊದಿದ ಹಾಗೆ. ಆರೋಗ್ಯವಾಗಿರುವ ಬಿಬಿಸಿ ಮೈಕ್ರೋ 'ಬೂ' ಅಂದು ತಕ್ಷಣ 'ಬಿಪ್' ಅನ್ನಬೇಕು. ಆ ಬಿಪ್ಪಿಗಾಗಿ ನಲವತ್ತು ಕಾಲಿನ ಪ್ರೊಸೆಸರ್‌ನಿಂದ ಹಿಡಿದು ಒಂದೊಂದೇ ಚಿಪ್ಪನ್ನು ಮೆಲ್ಲಗೆ ಎಬ್ಬಿಸಿ, ಕಾಲು ಒರೆಸಿ, ಮತ್ತೆ ಒತ್ತುತ್ತಾ ಹೋದೆ. "ಎಳೇ ಮಗೂಗೂ ಇಷ್ಟು ಆರೈಕೆ ಮಾಡಲ್ಲ" ಎಂದು ದೊಡ್ಡಮ್ಮ ಗೊಣಗುತ್ತಾ ಕಾಫಿ ಇಟ್ಟು ಹೋದರು. ಕೊನೆಗೂ ಬಿಪ್ ಅಂತು! ಟೀವಿಯ ಪರದೆಯ ಮೇಲೆ ಬಿಬಿಸಿ ಕಂಪ್ಯೂಟರ್ 32ಕೆ, ಕೆಳಗೆ ಬೇಸಿಕ್.

10 ಪ್ರಿಂಟ್, 20 ಗೋಟು 10 ಎಂಬ ಎರಡು ಸಾಲಿನ ಪ್ರೋಗ್ರಾಮು ಬರೆದೆ. ಪರದೆ ತುಂಬ ಇಂಗ್ಲಿಷಿನಲ್ಲಿ ತಿಪಟೂರು, ತಿಪಟೂರು ಎಂದು ಓಡತೊಡಗಿತು.

"ನಮ್ಮದು ತುರುವೇಕೆರೆ ತಾಲ್ಲೂಕಲ್ವೇನ್ಲಾ?" ದೊಡ್ಡಪ್ಪನ ತಕರಾರು.

ಅದಕ್ಕೂ ಉತ್ತರ ಕೊಡಲು ಬಿಡದೆ ಭಾವ ಮುಂದೆ ಬಂದು ಕೂತರು. ಅವರು ತಮ್ಮೂರು ಚಿಕ್ಕನಾಯಕನಹಳ್ಳಿಯನ್ನೇ ಹಾಕಬೇಕಂತೆ. ಇಂಗ್ಲಿಷಿನಲ್ಲಿ ಹತ್ತೊಂಬತ್ತು ಅಕ್ಷರ. ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಒತ್ತುತ್ತಾ 'ಹಳ್ಳಿ'ಯ ಹತ್ತಿರ ಬಂದಿದ್ದರು, ಕರೆಂಟು ಹೋಯಿತು. 32ಕೆ ನೆನಪೆಲ್ಲ ಖಾಲಿ.

ಕತ್ತಲಲ್ಲಿ ದೊಡ್ಡಪ್ಪ ಅಂದರು: "ಬಸ್ಸಿನ ಬೋರ್ಡಲ್ಲೇ ಚಿ.ನಾ.ಹಳ್ಳಿ ಅಂತ ಹಾಕ್ತಾರೆ. ನಿಮಗೇನ್ರೀ ಅಷ್ಟು ಉದ್ದ ಬೇಕಾಗಿತ್ತು?"